ಬೆವರಿಲ್ಲದ ಮಣ್ಣು

ಒಗೆದು ಒಣಗಿಸಿದ ಬಟ್ಟೆಯಲ್ಲೂ ಒಂದು ವಾಸನೆ ಉಳಿದಿರುತ್ತದೆ. ಈ ರವಿವಾರ ಬೆಳಿಗ್ಗೆ ಮಕ್ಕಳ ಬಿಬ್‌ಗಳನ್ನು ಮಡಿಸುತ್ತ ಕುಳಿತಾಗ ಅದೇ ವಾಸನೆ ಮೂಗಿಗೆ ಬಂತು. ಬಿಬ್ ಅಂದರೆ ಕೂಸಿನ ಕೊರಳಿಗೆ ಕಟ್ಟುವ ಬಟ್ಟೆ ಅಂದುಕೊಳ್ಳಬೇಡಿ. ಮೊದಲು ನಾನೂ ಹಾಗೇ ತಿಳಿದಿದ್ದೆ. ಫುಟ್‌ಬಾಲ್ ಕಲಿಯುವ ಮಕ್ಕಳನ್ನು ಎರಡು ಗುಂಪು ಮಾಡಿ ಆಡಿಸುವಾಗ ಒಂದು ಗುಂಪಿಗೆ ಅಂಗಿಯ ಮೇಲೆ ತೊಡಿಸುವ ತೋಳಿಲ್ಲದ ಜಾಳಿ ಬನಿಯನ್ ಅದು. ನಮ್ಮ ಕ್ಲಬ್ಬಿನವು ಕಿತ್ತಳೆ ಬಣ್ಣದವು, ಬೆನ್ನಿಗೆ ನಂಬರು. ಧಾರವಾಡದ ಕೆಂಪು ಮಣ್ಣು ಒಮ್ಮೆ ಆ ಜಾಳಿಯೊಳಗೆ ಕೂತಿತೆಂದರೆ ಯಾವ ಸಾಬೂನಿಗೂ ಪೂರ್ತಿ ಜಗ್ಗುವುದಿಲ್ಲ. ಮಣ್ಣು, ಬೆವರು, ಬಿಸಿಲು ಮೂರೂ ಕೂಡಿದ ಆ ವಾಸನೆ ಇಲ್ಲದ ಒಂದು ಬಿಬ್ಬನ್ನು ನಾನು ಆರು ವರ್ಷದ ಹಿಂದೆ ಕೈಯಲ್ಲಿ ಹಿಡಿದಿದ್ದೆ. ಅದರ ಸಂಗತಿ ಇವತ್ತಿಗೂ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ.

ಈ ಒಗೆಯುವ ಕೆಲಸ ನನಗೆ ಅಂಟಿಕೊಂಡದ್ದು ಮಗನಿಂದ. ಸಪ್ತಾಪುರದ ನಮ್ಮ ಮನೆಯಿಂದ ಮೈದಾನಕ್ಕೆ ಹತ್ತು ನಿಮಿಷದ ದಾರಿ. ಅವನನ್ನು ಅಲ್ಲಿ ಸೇರಿಸಿದ ಹೊಸತರಲ್ಲಿ, ಆ ಹೊಲಸು ಗಂಟನ್ನು ನೋಡಲಾರದೆ, "ಕೊಡ್ರಿ ಇಲ್ಲೆ, ನಾ ಒಗದು ಕಳಸ್ತೀನಿ" ಅಂದಿದ್ದೆ. ಒಂದೇ ಸಲ ಅಂದದ್ದು. ಮಗ ಎರಡು ವರ್ಷಕ್ಕೆ ಫುಟ್‌ಬಾಲ್ ಬಿಟ್ಟು ಚದುರಂಗ ಹಿಡಿದ. ಗಂಟು ಮಾತ್ರ ಪ್ರತಿ ರವಿವಾರ ಮಧ್ಯಾಹ್ನ ನಮ್ಮ ಮೆಟ್ಟಿಲಿಗೆ ಬರುತ್ತಲೇ ಇತ್ತು. "ಮಗಾ ಬಿಟ್ಟ, ಅವ್ವ ಇನ್ನೂ ಟೀಮಿನ್ಯಾಗ ಅದಾಳ" ಎಂದು ನಮ್ಮ ಮನೆಯವರು ನಗುತ್ತಿದ್ದರು. ಮಷೀನಿಗೆ ಹಾಕಿದರೆ ಜಾಳಿ ಹರಿಯುತ್ತದೆ ಎಂಬುದು ನನ್ನ ನೆಪ. ನಿಜ ಹೇಳಬೇಕೆಂದರೆ, ಕಲ್ಲಿನ ಮೇಲೆ ಒಂದೊಂದಾಗಿ ತಿಕ್ಕುವಾಗ ಆಟ ನೋಡಿದಷ್ಟೇ ಸುದ್ದಿ ಸಿಗುತ್ತಿತ್ತು. ಮೂರನೇ ನಂಬರಿನವ ಬೀಳುವುದು ಯಾವಾಗಲೂ ಎಡ ಮಗ್ಗುಲಿಗೆ. ಏಳನೆಯವಳು ಆತಂಕವಾದರೆ ಅಂಚು ಕಚ್ಚುತ್ತಾಳೆ. ಹತ್ತನೆಯವ ಅದರಿಂದಲೇ ಮೂಗು ಒರೆಸಿಕೊಳ್ಳುತ್ತಾನೆ. ಎಲ್ಲ ನನಗೆ ಗೊತ್ತಾಗುತ್ತದೆ ಅನ್ನುವ ಈ ಜಂಬವೇ ಮುಂದೆ ನನ್ನ ಕಣ್ಣು ಕಟ್ಟಿತು.

ಹನ್ನೆರಡನೇ ನಂಬರು ಅಫ್ರೀನ್‌ಳದು. ಆಗ ಅವಳಿಗೆ ಹದಿಮೂರು. ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಬಸ್ಸಿನಲ್ಲಿ ಒಬ್ಬಳೇ ಬರುತ್ತಿದ್ದಳು. ತಂದೆ ಮೆಹಬೂಬ್ ಅಲ್ಲಿ ಗ್ಯಾರೇಜ್ ಇಟ್ಟವರು, ಮನೆಯ ಹಿರಿಯರ ಮಾತು ಮೀರಿ ಮಗಳನ್ನು ಆಟಕ್ಕೆ ಕಳಿಸಿದವರು. ಬಸ್ಸಿನ ವೇಳೆಯಿಂದಾಗಿ ಹುಡುಗಿ ಎಲ್ಲರಿಗಿಂತ ಅರ್ಧ ತಾಸು ಮೊದಲೇ ಬಂದು ಮುಟ್ಟುತ್ತಿದ್ದಳು. ಕೋಚ್ ಕೂಡ ಬೇಗ ಬರುತ್ತಿದ್ದ. ಆಗ ನಾನು ಅವನನ್ನು "ಅವರು" ಎಂದೇ ಅನ್ನುತ್ತಿದ್ದೆ. ಈಗ ಹಾಗೆ ಬರೆಯಲು ಕೈ ಏಳುವುದಿಲ್ಲ. ಮೂವತ್ತೈದರ ಆಸುಪಾಸು, ನಯವಾದ ಮಾತು. "ವೈನಿ, ನಿಮ್ಮ ಅವಲಕ್ಕಿ ತಿಂದ ದಿನಾ ಹುಡುಗರು ಗೆದ್ದ ಬರ್ತಾರ ನೋಡ್ರಿ" ಅನ್ನುವನು. ನಾನು ಉಬ್ಬಿ, ಶೇಂಗಾ ಜಾಸ್ತಿ ಹಾಕಿ ಡಬ್ಬಿ ತುಂಬಿ ಕಳಿಸುವವಳು. ಇದನ್ನೂ ಬರೆದೇಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ.

ಬುಧವಾರ ಸಂಜೆ ಬರೀ ಓಟ, ಕಸರತ್ತು. ರವಿವಾರ ಬೆಳಿಗ್ಗೆ ಆಟ, ಬಿಬ್ ಬೇಕಾಗುವುದು ಅವತ್ತೇ. ಆ ಸಲ ಸತತ ಮೂರು ರವಿವಾರ ಹನ್ನೆರಡನೇ ಬಿಬ್ ನಾನು ಮಡಿಸಿ ಕಳಿಸಿದಷ್ಟೇ ಸ್ವಚ್ಛವಾಗಿ ತಿರುಗಿ ಬಂತು. ನನಗೆ ಏನನಿಸಿರಬೇಕು ಹೇಳಿ? ಎಂಥಾ ನೀಟು ಹುಡುಗಿ ಅನಿಸಿತು. ಅಷ್ಟೇ ಆಗಿದ್ದರೂ ಆಗುತ್ತಿತ್ತು. ನಾಲ್ಕನೆಯ ರವಿವಾರ ಬಿಬ್ ಹಂಚಲು ನಾನೇ ಹೋದೆ, ಮಕ್ಕಳ ನಡುವೆ ನಿಂತು ಹನ್ನೆರಡನೆಯದನ್ನು ಎತ್ತಿ ಹಿಡಿದೆ.

"ನೋಡ್ರಲೇ, ಅರಿವಿ ಹೆಂಗ ಇಟ್ಕೋಬೇಕು ಅನ್ನೂದು ಅಫ್ರೀನ್‌ನ ನೋಡಿ ಕಲೀರಿ. ನೀವು ಮಣ್ಣಾಗ ಹೊಳ್ಯಾಡಿದ ಎಮ್ಮಿಗತೆ ಮಾಡ್ತೀರಿ."

ಗೋಲು ಕಾಯುವ ದಪ್ಪ ಹುಡುಗ ಅಂದ: "ಆಡಿದ್ರ ತಾನ ಆಂಟಿ ಹೊಲಸಾಗೂದು? ಆಕಿದು ಸ್ಪೆಶಲ್. ಸರ್ ಆಕಿನ್ನ ಖೋಲ್ಯಾಗ ಕರ್ಕೊಂಡ ಬ್ಯಾರೆ ಕಸರತ್ತ ಮಾಡಸ್ತಾರ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಖೋಲಿ ಅಂದರೆ ಮೈದಾನದ ಮೂಲೆಯಲ್ಲಿ ಚೆಂಡು, ಬಲೆ ಇಡುವ ಸಾಮಾನಿನ ಕೋಣೆ. ಹೊಟ್ಟೆಕಿಚ್ಚಿನ ಮಾತು ಅಂದುಕೊಂಡು ಅವನಿಗೇ ಒಂದು ಗದರಿದೆ. ಅಫ್ರೀನ್ ಬಿಬ್ ಇಸಿದುಕೊಂಡಳು, ತಲೆ ಎತ್ತಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡೆ.

ಆವತ್ತು ಮಧ್ಯಾಹ್ನ ಬಂದ ಗಂಟಿನಲ್ಲಿ ಹನ್ನೆರಡನೇ ಬಿಬ್ ಹೊಲಸಾಗಿತ್ತು. ಹುಡುಗಿ ಕಡೆಗೂ ಆಡಿದಳಲ್ಲ ಎಂದು ಬಕೆಟ್ಟಿನಲ್ಲಿ ಅದ್ದಿದರೆ, ಮಣ್ಣೆಲ್ಲ ಒಂದೇ ನೀರಿಗೆ ಇಳಿದುಹೋಯಿತು. ಒಗೆಯುವವರಿಗೆ ಇದು ತಿಳಿಯುತ್ತದೆ. ಬೆವರಿನ ಮೇಲೆ ಕೂತ ಮಣ್ಣು ಹಟಮಾರಿ, ತಿಕ್ಕಿ ತಿಕ್ಕಿ ರಟ್ಟೆ ಸೋಲುತ್ತದೆ. ಒಣ ಬಟ್ಟೆಗೆ ಸವರಿದ ಮಣ್ಣು ಹೇಳಿದ ಮಾತು ಕೇಳುತ್ತದೆ. ಅದ್ದುವ ಮೊದಲು ಕಂಡದ್ದು ಆಗ ಕಣ್ಣ ಮುಂದೆ ಬಂತು: ಮಣ್ಣು ಎದೆಯ ಮೇಲಷ್ಟೇ ಇತ್ತು, ಅದರಲ್ಲಿ ನಾಲ್ಕು ಬೆರಳಿನ ಗುರುತಿತ್ತು. ಕೊರಳ ಅಂಚು ಇನ್ನೂ ನೀರು ಮುಟ್ಟಿರಲಿಲ್ಲ. ಮೂಸಿದೆ. ಹಿಂದಿನ ವಾರ ನಾನೇ ಹಾಕಿದ ಸಾಬೂನು, ಬೇರೇನೂ ಇಲ್ಲ.

ಕಲ್ಲಿನ ಪಕ್ಕದಲ್ಲೇ ಕೂತುಬಿಟ್ಟೆ. ಯಾರೋ ತನ್ನ ಬಿಬ್ ನೋಡುತ್ತಾರೆ ಎಂದು ನನ್ನ ಹೊಗಳಿಕೆಯಿಂದ ಆ ಹುಡುಗಿಗೆ ತಿಳಿದಿತ್ತು. ಅದಕ್ಕೇ ತಾನೇ ಮಣ್ಣು ಬಳಿದುಕೊಂಡಿದ್ದಳು. ಯಾವ ಮಗುವಾದರೂ ಆಡಲಿಲ್ಲ ಎಂಬುದನ್ನು ಇಷ್ಟು ಕಷ್ಟಪಟ್ಟು ಮುಚ್ಚಿಡುವುದು ಯಾಕೆ? ಆ ದಪ್ಪ ಹುಡುಗನ ಮಾತು ಈಗ ಬೇರೆ ದನಿಯಲ್ಲಿ ಕೇಳಿಸಿತು.

ನಮ್ಮ ಮನೆಯವರಿಗೆ ಹೇಳಿದರೆ, "ಬಿಬ್ ಮ್ಯಾಲ ಕೇಸ್ ಹಾಕ್ತಿಯೇನ? ಒಬ್ಬ ಮನಶಾನ ಮ್ಯಾಲ ಇಂಥಾ ಮಾತ ಸುಮ್ಮ ಆಡಬಾರದು" ಅಂದರು. ಅವರದೂ ತಪ್ಪಲ್ಲ. ನನ್ನ ಕೈಯಲ್ಲಿ ಇದ್ದದ್ದೇನು, ಸಲೀಸಾಗಿ ಹೋದ ಒಂದು ಕಲೆ. ಸೋಮವಾರ, ಮಂಗಳವಾರ ಮನೆಯಲ್ಲಿ ಹಾಲು ಎರಡು ಸಲ ಉಕ್ಕಿತು. ಆ ಎರಡು ದಿನ ಯಾಕೆ ಸುಮ್ಮನಿದ್ದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಬುಧವಾರ ಬಸ್ಸಿನ ವೇಳೆಗೆ ಸರಿಯಾಗಿ ಸೂಜಿ, ದಾರ, ನಂಬರು ಕಿತ್ತ ಒಂದು ಬಿಬ್ ಹಿಡಿದು ಹೋದೆ. ಕೋಚನ ಬೈಕು ಆಗಲೇ ಒಳಗೆ ನಿಂತಿತ್ತು. ಅಫ್ರೀನ್ ಒಳಗೆ ಹೋಗಿರಲಿಲ್ಲ. ಗೇಟಿನ ಹೊರಗೆ ಕಟ್ಟೆಯ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತೆ. ಮುಖ ನೋಡಿ ಕೇಳಿದರೆ ಮಕ್ಕಳು ಮುಚ್ಚಿಕೊಳ್ಳುತ್ತಾರೆ, ಅದಕ್ಕೆ ಸೂಜಿ ನೋಡುತ್ತಲೇ ಕೇಳಿದೆ.

"ಅಫ್ರೀನ್, ಆ ದಿನಾ ನಾ ಎಲ್ಲಾರ ಮುಂದ ಹಂಗ ಅಂದದ್ದು ನಿನಗ ತ್ರಾಸ ಆತೇನವಾ?"

ಅರ್ಧ ನಂಬರು ಹೊಲಿದು ಮುಗಿಯಿತು.

"ಸರ್ ಬಾಗಲಾ ಹಾಕ್ತಾರ, ಆಂಟಿ" ಅಂದಳು. "ಕಾಲಿಗೆ ಎಣ್ಣಿ ಹಚ್ಚತೀನಿ ಅಂತಾರ. ನಾ ಬ್ಯಾಡ ಅಂದೆ. ಹಂಗಂದ್ರ ಟೀಮಿನ್ಯಾಗ ತಗೊಳ್ಳೂದಿಲ್ಲ ಅಂದ್ರು."

ಮುಂದೆ ಅವಳು ಹೇಳಿದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವಳದು. ನಾನು ನಡುವೆ ಬಾಯಿ ಹಾಕಲಿಲ್ಲ, ಕೆದಕಲಿಲ್ಲ, ಸೂಜಿ ಮಾತ್ರ ಎಲ್ಲೆಲ್ಲೋ ಹೋಗುತ್ತಿತ್ತು. ಕೊನೆಗೆ ಅವಳು ನನ್ನ ಸೆರಗು ಹಿಡಿದಳು.

"ಅಬ್ಬಾಗ ಹೇಳಬ್ಯಾಡ್ರಿ. ಹೇಳಿದ್ರ ಫುಟ್‌ಬಾಲ್ ಬಿಡಸ್ತಾರ. ಯಾರಿಗೂ ಹೇಳೂದಿಲ್ಲ ಅನ್ರಿ, ಆಂಟಿ."

ಆಯಿತು, ಹೇಳುವುದಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಳುವ ಮಗುವಿಗೆ ಏನು ಕೇಳಿದರೂ ಕೊಟ್ಟುಬಿಡುವ ಜಾತಿ ನನ್ನದು. ಹೇಗೆ ನುಂಗಿಕೊಂಡೆನೋ ಗೊತ್ತಿಲ್ಲ.

"ಆ ಮಾತು ಕೊಡಾಕ ಬರೂದಿಲ್ಲವಾ. ಹೇಳಲೇಬೇಕು. ಆದ್ರ ಯಾರಿಗೆ ಹೇಳ್ತೇನಿ ಅನ್ನೂದನ್ನ ಮೊದಲ ನಿನಗ ಹೇಳ್ತೇನಿ. ನಿಂದೇನೂ ತಪ್ಪಿಲ್ಲ. ನೀ ಖರೇ ಹೇಳಾಕತ್ತಿ, ನನಗ ಗೊತ್ತೈತಿ."

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಕೋಚ್ ನಿಂತಿದ್ದ, ಕೊರಳಲ್ಲಿ ಸೀಟಿ.

"ಏನ್ ವೈನಿ, ಇವತ್ತ ಬುಧವಾರ ಬಂದೀರಿ? ಅಫ್ರೀನ್, ಬಾ ಲಗೂ, ಹೊತ್ತಾಗತೈತಿ."

"ಆಕಿ ನನ್ನ ಕೂಡ ಅದಾಳ್ರಿ, ಸರ್. ದಾರಾ ಹಿಡ್ಯಾಕ ಬೇಕು."

ಎಂಥಾ ನೆಪ ನೋಡಿ. ಇಡೀ ಲೋಕದಲ್ಲಿ ನನಗೆ ಆಗ ಸಿಕ್ಕದ್ದು ಅದೊಂದೇ.

"ಐದ ನಿಮಿಷ ರೀ, ವೈನಿ. ಕಳಸ್ರಿ."

"ಇಲ್ರಿ."

ನಗುತ್ತಲೇ ಇದ್ದ ಅವನ ಕಣ್ಣು ನನ್ನಿಂದ ಅವಳಿಗೆ, ಅವಳಿಂದ ನನಗೆ ಹೋಯಿತು. ನನ್ನ ಸೂಜಿ ಹೆಬ್ಬೆರಳಿಗೆ ಚುಚ್ಚಿ ಜಾಳಿಯ ಮೇಲೆ ರಕ್ತದ ಚುಕ್ಕೆ ಬಿತ್ತು. ಅವನಿಗೆ ತಿಳಿಯಿತೋ ಇಲ್ಲವೋ. "ಆತು ಬಿಡ್ರಿ" ಎಂದು ಒಳಗೆ ಹೋದ. ಅಫ್ರೀನ್ ದಾರದ ತುದಿ ಹಿಡಿದುಕೊಂಡಳು.

ಅವಳಿಗೆ ಹೇಳಿಯೇ ಅವಳ ತಂದೆಗೆ ಫೋನ್ ಮಾಡಿದೆ. ಬೇರೆ ಮಕ್ಕಳು ಬರತೊಡಗಿದ್ದರು. ಅವರನ್ನೂ ಬಿಟ್ಟು ಹೋಗುವಂತಿರಲಿಲ್ಲ. ಇಬ್ಬರೂ ಮೈದಾನದ ಮೆಟ್ಟಿಲ ಮೇಲೆ ಕೂತೆವು. ಆ ಕೋಣೆಯ ಬಾಗಿಲ ಮೇಲಿನ ಕಣ್ಣನ್ನು ಕೊನೆಯ ಮಗು ಹೋಗುವ ತನಕ ನಾನು ತೆಗೆಯಲಿಲ್ಲ. ಮೆಹಬೂಬ್ ಭಾಯಿ ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಬೈಕಿನಲ್ಲಿ ಬಂದರು. ಹೇಳಿದೆ. ಅವರು ಕೈಯ ಗ್ರೀಸನ್ನು ಚಿಂದಿಯಿಂದ ಒರೆಸುತ್ತಲೇ ಇದ್ದರು, ಚರ್ಮ ಕಿತ್ತುಬರುವ ಹಾಗೆ. ಆಮೇಲೆ ಕೋಚ್ ಇದ್ದ ಕಡೆ ಹೊರಟರು.

"ಮೆಹಬೂಬ್ ಭಾಯಿ, ಬ್ಯಾಡ್ರಿ" ಅಂದೆ. "ಈಗ ಕೈ ಎತ್ತಿದ್ರ ನಾಳೆ ಊರ ಮಾತೆಲ್ಲಾ ಆ ಜಗಳದ್ದ ಆಗತೈತಿ. ಈಕಿ ಮಾತು ಹಿಂದ ಉಳೀತೈತಿ."

ನಿಂತರು. ತಿರುಗಿ ಮಗಳ ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತರು. "ನೀ ಹೇಳಿದ್ದ ಛಲೋ ಆತು, ಬೇಟಾ" ಎಂದರು. ಅವಳು ಅತ್ತದ್ದು ಆಗ.

ತಾಯಿ-ಮಗಳನ್ನು ನಮ್ಮ ಮನೆಯಲ್ಲಿ ಕೂಡಿಸಿ ನಾನೂ ಮೆಹಬೂಬ್ ಭಾಯಿಯೂ ಕ್ಲಬ್ಬಿನ ಅಧ್ಯಕ್ಷರ ಮನೆಗೆ ಹೋದೆವು. ನಿವೃತ್ತ ಪ್ರಾಧ್ಯಾಪಕರು, ಸಜ್ಜನರು. ಚಹಾ ತರಿಸಿದರು, ಕೇಳಿದರು, ಹಣೆ ಉಜ್ಜಿಕೊಂಡರು.

"ಬಾಳ ಕೆಟ್ಟ ಆತು. ಆದ್ರ ಪೊಲೀಸ್ ಅದು ಇದು ಅಂದ್ರ ಹುಡುಗೀ ಹೆಸರೂ ಕೆಡತೈತಿ, ಕ್ಲಬ್ಬಿನ ಹೆಸರೂ ಕೆಡತೈತಿ. ನಾ ಅವನ್ನ ಕರದು ಬುದ್ಧಿ ಹೇಳ್ತೇನಿ. ಸುಮ್ಮ ಬಿಟ್ಟು ಹೋಗಂತೇನಿ."

"ಬಿಟ್ಟು ಎಲ್ಲಿಗೆ ಹೋಗ್ತಾನ್ರಿ, ಸಾಹೇಬ್ರ?" ಮೆಹಬೂಬ್ ಭಾಯಿ ದನಿ ಏರಿಸಲಿಲ್ಲ. "ಬ್ರೇಕ್ ಇಲ್ಲದ ಗಾಡಿ ನನ್ನ ಗ್ಯಾರೇಜಿಗೆ ಬಂದ್ರ, ನಮ್ಮ ಓಣ್ಯಾಗ ಬ್ಯಾಡ, ಮುಂದಿನ ಓಣ್ಯಾಗ ಓಡಸು ಅಂತ ಕಳಸ್ಲೇನ್ರಿ?"

ಚಹಾ ಹಾಗೇ ಆರಿತು. ನಾನು ಅಲ್ಲಿಂದಲೇ ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿದೆ. ಹೆಸರು ಕೇಳಿದರು, ನನ್ನ ಹೆಸರು ಹೇಳುವಾಗ ನಾಲಗೆ ತಡವರಿಸಿತು. ಮರುದಿನ ಸಹಾಯವಾಣಿಯಿಂದ ಒಬ್ಬ ಹೆಣ್ಣುಮಗಳು ಬಂದು ಅಫ್ರೀನ್‌ಳ ಜೊತೆ ಅವಳ ಮನೆಯಲ್ಲೇ ಕೂತು ಮಾತಾಡಿದರು. ಪೊಲೀಸರು ಬಂದರು. ಇನ್ನೂ ಒಂದು ಮಗುವಿನ ತಾಯಿ ಆಮೇಲೆ ಬಾಯಿ ಬಿಟ್ಟರು. ಕೋರ್ಟಿನ ಕೆಲಸ ಕೋರ್ಟಿನ ನಡಿಗೆಯಲ್ಲೇ ನಡೆಯಿತು. ಅದನ್ನು ಹೇಳುತ್ತ ಕೂತರೆ ಬೇರೆ ಪ್ರಬಂಧವೇ ಆದೀತು. ಓಣಿಯಲ್ಲಿ ಕೆಲವರು ನನ್ನ ಜೊತೆ ಮಾತು ಬಿಟ್ಟರು. ಮೂರು ಮನೆಯವರು ಮಕ್ಕಳನ್ನು ಬಿಡಿಸಿದರು.

ಅಫ್ರೀನ್‌ಳನ್ನೂ ಬಿಡಿಸುವಂತೆ ಅವರ ಹಿರಿಯರು ಹಟ ಹಿಡಿದಿದ್ದರಂತೆ. ಮೆಹಬೂಬ್ ಭಾಯಿ ಒಂದು ದಿನ ಪಾನಾ, ಸ್ಕ್ರೂಡ್ರೈವರು ಹಿಡಿದು ಮೈದಾನಕ್ಕೆ ಬಂದರು. ಯಾರನ್ನೂ ಕೇಳದೆ ಆ ಸಾಮಾನಿನ ಕೋಣೆಯ ಬಾಗಿಲನ್ನು ತಿರುಗಣಿ ಸಮೇತ ಬಿಚ್ಚಿ ಗೋಡೆಗೆ ಆನಿಸಿದರು. "ಅಕ್ಕಾರ, ಮೈದಾನ ಬಿಡಬೇಕಾದಾವ ಬಿಟ್ಟ" ಎಂದರು ನನಗೆ. "ನನ್ನ ಮಗಳು ಯಾಕ ಬಿಡಬೇಕು? ಆಕಿಗೆ ಬ್ಯಾಡ ಅನಸಿದ್ರ ಬ್ಯಾಡ. ಆಕೀನ ಹೇಳ್ಲಿ." ಅವಳು ಎರಡು ತಿಂಗಳು ಬರಲಿಲ್ಲ. ನಾನು ಕೇಳಲಿಲ್ಲ. ಮೂರನೆಯ ತಿಂಗಳು ಒಂದು ರವಿವಾರ ತಂದೆಯ ಬೈಕಿನಿಂದ ಇಳಿದು ಗೇಟಿನಲ್ಲಿ ನಿಂತಳು, ಹತ್ತು ನಿಮಿಷ ನೋಡಿ ತಿರುಗಿ ಹೋದಳು. ಮುಂದಿನ ವಾರ ಒಳಗೆ ಬಂದಳು.

ಆ ನಡುವೆ ನಾವು ನಾಲ್ಕೈದು ನಿಯಮ ಬರೆದು ಗೋಡೆಗೆ ಹಚ್ಚಿದ್ದೆವು. ಅಕ್ಷರ ನನ್ನವು, ಸೊಟ್ಟಗೆ. ದೊಡ್ಡವರು ಯಾರೇ ಆಗಲಿ, ಒಂದು ಮಗುವಿನ ಜೊತೆ ಒಂಟಿಯಾಗಿ ಎಲ್ಲೂ ಹೋಗಬಾರದು ಎಂಬುದು ಮೊದಲನೆಯದು. ಅಧ್ಯಕ್ಷರು ಅದನ್ನು ಓದಿ, "ಇಷ್ಟ ವಯಸ್ಸಾದ ಮ್ಯಾಲ ನನ್ನ ಮ್ಯಾಲೂ ಸಂಶಯ ಏನ್ರಿ?" ಎಂದು ಬೇಜಾರಿನಿಂದ ಕೇಳಿದ್ದರು. "ಸಂಶಯ ಅಲ್ರಿ, ನಿಯಮ. ಎಲ್ಲಾರಿಗೂ" ಎಂದು ನಾನು ಹಗುರವಾಗಿ ಹೇಳಿದ್ದೆ. ಹೇಳುವವರಿಗೇನು.

ಈಗ ಅಫ್ರೀನ್ ಡಿಗ್ರಿ ಓದುತ್ತಿದ್ದಾಳೆ, ರವಿವಾರ ಸಣ್ಣ ಮಕ್ಕಳನ್ನು ಆಡಿಸುತ್ತಾಳೆ. ಈ ಬೆಳಿಗ್ಗೆ ಮಡಿಸಿದ ಬಿಬ್‌ಗಳನ್ನು ಕೊಡಲು ಹೋದಾಗ ಎಂಟು ವರ್ಷದ ಒಂದು ಹುಡುಗಿ ಬಿದ್ದು ಮೊಣಕಾಲು ತರಚಿಕೊಂಡಿತ್ತು. ಅಳುತ್ತ ನೇರ ನನ್ನ ಹತ್ತಿರ ಬಂತು. ನಾನು ಕೈ ಹಿಡಿದು, ಗಾಯ ತೊಳೆಯೋಣವೆಂದು ಕಟ್ಟಡದ ಹಿಂದಿನ ನಲ್ಲಿಯ ಕಡೆ ನಡೆಸಿಕೊಂಡು ಹೊರಟೆ.

"ಆಂಟಿ, ನಿಲ್ರಿ."

ಮೈದಾನದ ನಡುವಿನಿಂದ ಅಫ್ರೀನ್ ಕೂಗಿದಳು. ಮಕ್ಕಳೆಲ್ಲ ತಿರುಗಿ ನೋಡಿದರು.

"ನಾನವಾ" ಅಂದೆ.

"ನೀವಾದ್ರೂ."

ಕೆನ್ನೆ ಬಿಸಿಯಾಯಿತು. ಇಷ್ಟು ವರ್ಷ ಒಗೆದವಳು, ಆ ಬುಧವಾರ ಪಕ್ಕದಲ್ಲಿ ಕೂತವಳು, ನನಗೇ ಅಂದಳಲ್ಲ ಎಂಬ ಚುಚ್ಚು ಎದೆಯೊಳಗೆ ಸುಳಿದದ್ದು ಸುಳ್ಳಲ್ಲ. ಅವಳು ಆಟ ನಿಲ್ಲಿಸಿದ್ದಳು. ಇನ್ನೊಬ್ಬ ಹುಡುಗಿಯನ್ನು ಕರೆದುಕೊಂಡು, ಅವಸರವಿಲ್ಲದೆ, ನಮ್ಮ ಕಡೆ ನಡೆದು ಬರುತ್ತಿದ್ದಳು. ಆ ಚುಚ್ಚು ಇಳಿಯುವ ತನಕ, ಪುಟ್ಟ ಕೈ ಹಿಡಿದುಕೊಂಡು, ಎಲ್ಲರಿಗೂ ಕಾಣುವ ಬಿಸಿಲಿನಲ್ಲಿ ನಾನು ನಿಂತೇ ಇದ್ದೆ.