ಕೆಳಮನೆಯ ಕೋಲು ಮತ್ತು ಮೈಮೊನಿಡೀಸ್

ಟಕ್, ಟಕ್, ಟಕ್. ಇಂಗ್ಲಿಷರ ದೇಶದ ಗ್ರೀನ್‌ಫರ್ಡಿನಲ್ಲಿದ್ದ ನಮ್ಮ ಬಾಡಿಗೆ ಮನೆಯ ನೆಲದ ಹಲಗೆಗಳ ಕೆಳಗಿಂದ ಏಳುತ್ತಿದ್ದ ಆ ಸದ್ದನ್ನು ನಿಮಗೆ ಹೇಗೆ ಕೇಳಿಸಲಿ? ಕೆಳಮನೆಯ ಮಿಸ್ಟರ್ ಸಾಲೊಮನ್, ಕೆಮಿಸ್ಟ್ ಆಗಿದ್ದು ರಿಟೈರ್ ಆದ ಯಹೂದಿ ಮುದುಕರು, ಊರುಗೋಲಿನಿಂದ ತಮ್ಮ ಸೀಲಿಂಗಿಗೆ ಕುಟ್ಟುತ್ತಿದ್ದರು. ಮೊದಮೊದಲು ಆ ಮೂರು ಪೆಟ್ಟಿಗೆ ಒಂದೇ ಅರ್ಥ, ನಿನ್ನ ಸ್ಕಿಪ್ಪಿಂಗ್ ಸಾಕು ಎಂದು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸಿನಂತೆ ನಾನು ನೆಲಕ್ಕೆ ಬಾಯಿಟ್ಟು "ಸಾರಿ, ಅಂಕಲ್!" ಎಂದು ಕೂಗುತ್ತಿದ್ದೆ. ಈಗ ನಾನಿರುವ ಕೊಲಿಂಡೇಲಿನ ಹೊಸ ಫ್ಲ್ಯಾಟಿನಲ್ಲಿ ಲಿಫ್ಟ್ ಕೂಡ ಸದ್ದು ಮಾಡದು. ಕೆಳಗೆ ಯಾರಿದ್ದಾರೋ ದೇವರಿಗೇ ಗೊತ್ತು.

ನನಗೆ ಒಂಬತ್ತು ವರ್ಷವಾಗಿದ್ದಾಗ ಊರಿನಿಂದ ಟೆಲಿಗ್ರಾಂ ಬಂತು. ಹಡಗಿನ ಕೆಲಸದಲ್ಲಿದ್ದ ಚಿಕ್ಕಪ್ಪ ಅರಬ್ಬೀ ಸಮುದ್ರದಲ್ಲಿ ಮುಳುಗಿಹೋಗಿದ್ದರು. ಪಪ್ಪನನ್ನು ಡಾಕ್ಟರಿ ಓದಿಸಿದ್ದೇ ಆ ತಮ್ಮ. ಗೋಡೆಗೆ ಮುಖ ಮಾಡಿ ಮಲಗಿದ ಪಪ್ಪ ಮೂರು ವಾರವಾದರೂ ಏಳಲಿಲ್ಲ. ಸೋಮವಾರ ಡ್ಯೂಟಿಗೆ ಬಾರದಿದ್ದರೆ ಕೆಲಸವಿಲ್ಲ ಎಂದು ಆಸ್ಪತ್ರೆಯಿಂದ ಕಾಗದ ಬಂತು. ಕೆಲಸ ಹೋದರೆ ಟ್ರಂಕು ಕಟ್ಟಿ ಮಂಗಳೂರಿಗೆ ಮರಳುವುದೇ ಎಂದು ಮಮ್ಮಿ ರೋಸರಿ ಹಿಡಿದು ಕೂತಳು. ಸುದ್ದಿಯನ್ನೆಲ್ಲ ನಾನೇ ಕೆಳಮನೆಗೆ ಮುಟ್ಟಿಸಿದ್ದೆ.

ಬುಧವಾರ ಸಂಜೆ ಟಕ್, ಟಕ್, ಟಕ್. ನಾನು ಸುಮ್ಮನೇ ಕೂತಿದ್ದೆನಲ್ಲ ಎಂದುಕೊಂಡು ಇಳಿದರೆ, ಮಿಸ್ಟರ್ ಸಾಲೊಮನ್ ನೀಲಿ ಅಂಚಿನ ಬಟ್ಟಲಲ್ಲಿ ಕೋಳಿ ಸೂಪು ಹಿಡಿದು ನಿಂತಿದ್ದರು. "ನಮ್ಮ ಮೈಮೊನಿಡೀಸರ ಮದ್ದು ಇದು, ಡಾಕ್ಟರಿಗೆ ಕೊಡು" ಎಂದರು. ಪಪ್ಪ ನಾಲ್ಕು ಚಮಚ ಕುಡಿದು ಮತ್ತೆ ಗೋಡೆಯ ಕಡೆ ತಿರುಗಿದರು. ಅಷ್ಟು ಕುಡಿದದ್ದೇ ಮಮ್ಮಿಗೆ ದೊಡ್ಡ ಸಮಾಧಾನ. ಮರುದಿನ, "ಖಾಲಿ ಪಾತ್ರೆ ವಾಪಸ್ ಕೊಡುವ ಕ್ರಮ ಉಂಟಾ ನಮ್ಮಲ್ಲಿ?" ಎನ್ನುತ್ತ, ನಮ್ಮೂರಿನ ಬಫಾತ್ ಮಸಾಲೆ ಪುಡಿ ಹಾಕಿ ಬೇಯಿಸಿದ ಹಂದಿ ಮಾಂಸವನ್ನು ಆ ಬಟ್ಟಲ ತುಂಬ ಬಡಿಸಿ ನನ್ನನ್ನು ಕೆಳಗೆ ಅಟ್ಟಿದಳು.

ಕೆಳಗಿನ ಬಾಗಿಲು ತೆರೆಯುವಷ್ಟರಲ್ಲಿ ಮೇಲಿನಿಂದ ಪಪ್ಪನ ಕೂಗು. "ಏನು ಕಳಿಸಿದ್ದಿ ಮಾರಾಯ್ತಿ? ಅವರು ಹಂದಿ ಮುಟ್ಟುವುದಿಲ್ಲ!"

"ಯೇಸುಸ್ವಾಮಿಯ ಜನ ಅಲ್ವಾ, ನಮ್ಮ ಹಾಗೇ ಅಂತ..." ಎಂದಳು ಮಮ್ಮಿ.

ಮೆಟ್ಟಿಲ ಮೇಲೆ ಧಡಧಡ ಸದ್ದು. ಮೂರು ವಾರದ ಗಡ್ಡ, ಲುಂಗಿ, ಬನಿಯನ್ನಿನಲ್ಲೇ ಓಡಿ ಬಂದ ಪಪ್ಪ ನನ್ನ ಕೈಯ ಬಟ್ಟಲಿಗೆ ಅಂಗೈ ಮುಚ್ಚಿ ನಿಂತರು. ಮಿಸ್ಟರ್ ಸಾಲೊಮನ್ ಹಲ್ಲಿನ ಸೆಟ್ಟು ಅಲುಗುವಷ್ಟು ನಕ್ಕರು. "ಪರಿಮಳವೇನೋ ಸ್ವರ್ಗದ್ದು! ಆದರೆ ಬಟ್ಟಲು ಇನ್ನು ನಿಮ್ಮದೇ, ನನ್ನ ಕಿಚನ್ನಿಗೆ ಅದು ಬರುವಂತಿಲ್ಲ." ಆಮೇಲೆ ಪಪ್ಪನನ್ನು ಮೆಟ್ಟಿಲ ಮೇಲೆ ಕೂರಿಸಿ ಆ ಹಳೆಯ ಕಾಲದ ವೈದ್ಯರ ಕಥೆ ಹೇಳಿದರು. ಮೈಮೊನಿಡೀಸ್ ಸ್ಪೇನಿನಲ್ಲಿ ಹುಟ್ಟಿ, ಊರು ಬಿಟ್ಟು ಓಡಿ, ಈಜಿಪ್ಟಿನಲ್ಲಿ ನೆಲೆ ಕಂಡ ಪಂಡಿತರಂತೆ. ತಮ್ಮ ಡೇವಿಡ್ ರತ್ನದ ವ್ಯಾಪಾರ ಮಾಡಿ ಮನೆ ನಡೆಸುತ್ತಿದ್ದ, ಅಣ್ಣ ನಿಶ್ಚಿಂತೆಯಿಂದ ಗ್ರಂಥ ಬರೆಯುತ್ತಿದ್ದರು. "ಆ ತಮ್ಮ ಮುಳುಗಿದ್ದು ನಿಮ್ಮ ಸಮುದ್ರದಲ್ಲೇ, ಡಾಕ್ಟರ್. ಅಣ್ಣ ಒಂದು ವರ್ಷ ಹಾಸಿಗೆ ಬಿಡಲಿಲ್ಲ. ಆಮೇಲೆ ಎದ್ದು ವೈದ್ಯಕ್ಕೆ ಇಳಿದರು. ಸುಲ್ತಾನನ ಅರಮನೆಯಿಂದ ಹಸಿದು ಮನೆಗೆ ಬಂದರೆ ಅಲ್ಲೂ ರೋಗಿಗಳ ಸಂತೆ. ಸುಸ್ತಾಗಿ, ಮಲಗಿಕೊಂಡೇ ಮದ್ದು ಹೇಳುತ್ತಿದ್ದರು."

"ಒಂದು ವರ್ಷವಾ?" ಎಂದರು ಪಪ್ಪ.

"ಒಂದು ವರ್ಷ. ನಿಮಗೆ ಸೋಮವಾರದ ತನಕ ಮಾತ್ರ."

ಪಪ್ಪ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ಸೋಮವಾರ ಗಡ್ಡ ಬೋಳಿಸಿ ಬಸ್ಸು ಹಿಡಿದರು. ಅಂದಿನಿಂದ ಮೂರು ಪೆಟ್ಟೆಂದರೆ ಸೂಪು, ಪಪ್ಪನೇ "ಬಂದೆ!" ಎಂದು ಇಳಿಯುತ್ತಿದ್ದರು. ಮಮ್ಮಿ ತಿರುಗಿ ಕಳಿಸುತ್ತಿದ್ದುದು ಕಿತ್ತಳೆ ಮಾತ್ರ, ಅದೂ ನಮ್ಮ ಚಾಕು ತಾಗದಂತೆ, ಸಿಪ್ಪೆ ಸುಲಿಯದೆ. ಆ ನೀಲಿ ಅಂಚಿನ ಬಟ್ಟಲಲ್ಲಿ ನಾನು ಇವತ್ತಿಗೂ ಗಂಜಿ ಉಣ್ಣುತ್ತೇನೆ.

ಕ್ರೋಯ್ಡನಿನಲ್ಲಿ ಸ್ವಂತ ಮನೆಯಾಗಿ ನಾವು ಹೊರಟ ದಿನವೇ ಅವರನ್ನು ನಾನು ಕೊನೆಯ ಸಲ ಕಂಡದ್ದು. ವ್ಯಾನು ಹೊರಡುವಾಗ ಗೇಟಿನ ಬಳಿ ನಿಂತಿದ್ದ ಅವರು ಊರುಗೋಲು ಮೇಲೆತ್ತಿ, ಸೀಲಿಂಗೇ ಇಲ್ಲದ ಆಕಾಶಕ್ಕೆ ಮೂರು ಸಲ ಕುಟ್ಟಿದರು. ಸದ್ದೇನೂ ಬರಲಿಲ್ಲ. ಆದರೂ ಮುಂದಿನ ಸೀಟಿನಲ್ಲಿದ್ದ ಪಪ್ಪ ಮೆಲ್ಲಗೆ "ಬಂದೆ" ಎಂದರು.