ತಂಬೂರಿ ಮೀಟಿದವರು ಯಾರು?

ನಾಳೆ ಬೆಳಿಗ್ಗೆ ನನ್ನ ಸೋದರತ್ತೆಗೆ ಗಂಟಲಿನ ಆಪರೇಷನ್, ಗೆಳೆಯರೇ. ಆಮೇಲೆ ಧ್ವನಿ ಉಳಿಯುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಯಡಿಯೂರಿನ ನಮ್ಮ ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಕಂಬಳಿ ಬಡಿದು ರೆಕಾರ್ಡಿಂಗ್ ರೂಮು ಮಾಡಿಕೊಂಡಿದ್ದೇನಲ್ಲ, ಇವತ್ತು ಅಲ್ಲಿ ಅತ್ತೆಯನ್ನು ಕೂರಿಸಿ ದೇವರನಾಮ ಹಾಡಿಸಿದೆ. ಹೆಡ್‌ಫೋನ್ ಹಾಕಿಕೊಂಡರೆ ಹಾಡಿನ ಹಿಂದೆ ಒಂದೇ ಸಮನೆ ಗುಂಯ್ ಎಂದು ಕರೆಂಟಿನ ಸದ್ದು!

ಮೈಕಿನ ಹೊಸ ಕೇಬಲ್ಲಿನ ಪ್ಲಗ್ ಬಿಚ್ಚಿದೆ. ಹೊರಗೆ ಮೂರು ಪಿನ್ನು, ಒಳಗೆ ಎರಡೇ ತಂತಿ. ಈ ಸದ್ದು ಬರಬಾರದೆಂದೇ ಮೂರು ತಂತಿಯ ಬ್ಯಾಲೆನ್ಸ್ಡ್ ಕೇಬಲ್ ಕೊಡಿ ಎಂದು ಕೇಳಿ ತಂದಿದ್ದೆ. ಸೈಕಲ್ ಹತ್ತಿ ಜಯನಗರದ ಅಂಗಡಿಗೆ ಓಡಿದೆ.

"ಮೂರನೇದು ಯಾಕ್ ಸಾರ್? ಮದ್ವೆ ಮನೆ ಮೈಕ್‌ಗೆಲ್ಲಾ ಎರಡೇ ತಂತಿ ಹಾಕ್ಕೊಡ್ತೀವಿ. ಒಬ್ರೂ ಕಂಪ್ಲೇಂಟ್ ಮಾಡಿಲ್ಲ" ಎಂದ ಅಂಗಡಿಯವನು.

"ಇದು ಮದ್ವೆ ಅಲ್ಲ ಕಣ್ರೀ. ನಂಗೆ ಇವತ್ತೇ ಬೇಕು."

"ಸ್ಟಾಕ್ ಇಲ್ಲ ಸಾರ್. ಮುಂದಿನ್ ವಾರ ಬನ್ನಿ."

ಬೇರೆ ಅಂಗಡಿಗಳಲ್ಲೂ ಸಿಗಲಿಲ್ಲ. ಬರಿಗೈಯಲ್ಲಿ ಬಂದು ಅದೇ ಕೇಬಲ್ಲಿನಲ್ಲೇ ರೆಕಾರ್ಡ್ ಮಾಡಿದೆ. ನಾಲ್ಕನೇ ಹಾಡಿಗೆ ಅತ್ತೆಯ ಗಂಟಲು ಕಟ್ಟಿತು. ಇನ್ನು ಹಾಡಲಾರೆನೆಂದು ಕೈಸನ್ನೆ ಮಾಡಿದರು.

ಟೇಪು ಹಾಕಿದೆ. ಅತ್ತೆ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಚೆನ್ನಾಗ್ ಬಂದಿದೆ ಕಣೋ" ಎಂದರು ಪಿಸುದನಿಯಲ್ಲಿ. "ಆದ್ರೆ ಹಿಂದೆ ತಂಬೂರಿ ಮೀಟಿದೋರು ಯಾರು? ಶ್ರುತಿ ಸೇರ್ತಾನೇ ಇಲ್ಲ. ಅವ್ರಿಗೆ ಸ್ವಲ್ಪ ಹೇಳ್ಬಾರ್ದಿತ್ತಾ?"

"ಹೇಳ್ತೀನಿ ಅತ್ತೆ" ಎಂದೆ.

ಕರೆಂಟಿಗೆ ಶ್ರುತಿ ಕಲಿಸಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಬೆಳಗಾಗುವುದರೊಳಗೆ ಬನ್ನಿ.