ಹಸು ಮಾರಿ ಕಟ್ಟಬೇಕಿದ್ದ ತೆರಿಗೆ

ತಕ್ಕ ಹೊತ್ತಿಗೆ ತಕ್ಕ ಮಾತನ್ನು ನಾಲಿಗೆಗೆ ತಂದುಕೊಟ್ಟ ಪರಮಾತ್ಮನಿಗೆ ಮೊದಲು ಕೃತಜ್ಞತೆಯಿಂದ ಕೈಮುಗಿಯುತ್ತೇನೆ.

ಆ ಬೆಳಿಗ್ಗೆ ನಾನು ಬೂದಿಕೋಟೆಯ ತಂಗಿಯ ಮನೆಗೆ ಹೋದಾಗ, ಕ್ಯಾಸಂಬಳ್ಳಿಯ ದನದ ವ್ಯಾಪಾರಿ ಬಾಗಿಲಲ್ಲಿ ಟೆಂಪೊ ನಿಲ್ಲಿಸಿದ್ದ. ಗಂಡನಿಲ್ಲದ ಅವಳ ಸಂಸಾರ ಎರಡು ಹಸುಗಳ ಹಾಲಿನಿಂದ ನಡೆದಿತ್ತು. ಒಂದನ್ನು ಮಾರಿದ ಹಣವನ್ನು, ಫೋನಿನಲ್ಲಿ ಪರಿಚಯವಾದ, ಮುಖ ಕಾಣದ ಯಾರನ್ನೋ ನಂಬಿ ಕ್ರಿಪ್ಟೊ ನಾಣ್ಯಕ್ಕೆ ಹಾಕಿದ್ದಳು. ಪರದೆಯ ಮೇಲೆ ಅದು ನಾಲ್ಕು ಪಟ್ಟು ಬೆಳೆದಿತ್ತು. ಈಗ ಅದನ್ನು ಹಿಂಪಡೆಯಲು ಸಂಜೆಯೊಳಗೆ ತೆರಿಗೆ ಕಟ್ಟಬೇಕಂತೆ. ಅದಕ್ಕಾಗಿ ಉಳಿದ ಹಸುವನ್ನೂ ಕೊಡಲು ಹೊರಟಿದ್ದಳು.

"ಬ್ಯಾಡ ಅನ್ಬೇಡ ಅಣ್ಣಾ, ಇದೊಂದು ಕಟ್ಬುಟ್ರೆ ಎಲ್ಲಾ ಬತ್ತದೆ," ಎಂದಳು. ಹಸುವಿನ ಹಗ್ಗ ಅವಳ ಕೈಯಲ್ಲೇ ಇತ್ತು.

"ಡೈರಿಯವರು ಬೂಸಾದ ದುಡ್ಡು ಹೇಗೆ ತೊಗೋತಾರಮ್ಮ?" ಎಂದು ಕೇಳಿದೆ.

"ಹಾಲಿನ ಬಟವಾಡೇಲೇ ಮುರ್ಕೊಂತಾರೆ."

"ಇವರೂ ತೆರಿಗೇನ ನಿನ್ನ ಆ ಬೆಳೆದ ದುಡ್ಡಲ್ಲೇ ಮುರ್ಕೊಳ್ಳಲಿ. ಬರೆದು ಕೇಳು."

ಅವಳು ಹಾಗೆಯೇ ಬರೆದು ಕಳಿಸಿದಳು. ಅದು ಆಗದು, ಬೇರೆ ಹಣವೇ ಬೇಕು, ತಡವಾದರೆ ಖಾತೆ ಮುಚ್ಚುತ್ತೇವೆ ಎಂಬ ಉತ್ತರ ಒಡನೆಯೇ ಬಂತು. ಅದನ್ನು ಓದಿ ಹೊಸ್ತಿಲ ಮೇಲೆ ಕುಸಿದಳು.

"ಅಂಗಾದ್ರೆ ಅಲ್ಲಿ ದುಡ್ಡೇ ಇಲ್ವಾ ಅಣ್ಣಾ? ಆ ಮಾರಿದ್ ನನ್ ಹಸು ಓಗೇಬುಡ್ತಾ?"

ಅವಳ ಕೈಯಿಂದ ಹಗ್ಗವನ್ನು ಬಿಡಿಸಿಕೊಂಡು ಹಸುವನ್ನು ಮತ್ತೆ ಕೊಟ್ಟಿಗೆಯಲ್ಲಿ ಕಟ್ಟಿದೆ.

"ಬುಡಕ್ಕಾ, ನಾನೂ ಫೋನ್‌ನಾಗೆ ಇಂಗೇ ಕಳ್ಕೊಂಡೋನೇ," ಎಂದು ವ್ಯಾಪಾರಿ ಖಾಲಿ ಟೆಂಪೊ ತಿರುಗಿಸಿದ.

ಪೊಲೀಸರಿಗೆ ದೂರು ಕೊಟ್ಟೆವು. ಹೋದ ಹಣ ಇನ್ನೂ ಬಂದಿಲ್ಲ. ನೊಂದ ನನ್ನ ತಂಗಿಗೂ, ಬಾಡಿಗೆ ಕೇಳದೆ ಹೋದ ಆ ವ್ಯಾಪಾರಿಗೂ ಭಗವಂತನು ಒಳಿತು ಮಾಡಲಿ. ಆ ಮುಖ ಕಾಣದವನಿಗೂ ಸದ್ಬುದ್ಧಿ ಕೊಡಲಿ.